ಆರೂವರೆಗೆ ಏಳುವ ಲ್ಯಾಪ್‌ಟಾಪ್

ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿಗೆ ಬಂದು ಸೀನಿದವರು ಹೊರಗಿನವರು. ಕುಪ್ಪೇಲೂರಿನ ನಿರ್ಮಲಾ ಇಲ್ಲಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಬಂದು ಬಹಳ ವರ್ಷವಾಯಿತು, ಸೀನುವುದಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಮದುವೆಯಾಗಿಲ್ಲ. ಮರಿಯವ್ವನ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗೆ ಒಬ್ಬಳೇ ಇದ್ದಾಳೆ.

ಮೊದಲು ಒಬ್ಬಳೇ ಇರಲಿಲ್ಲ. ಕಂಪ್ಯೂಟರ್ ಕಲಿಸುವ ಸ್ನೇಹಾ ಎಂಬ ಹುಡುಗಿ ಅದೇ ಕೋಣೆಯಲ್ಲಿದ್ದಳು. ಉಂಡರೆ ಜೊತೆಗೆ, ಜಗಳವಾಡಿದರೆ ಜೊತೆಗೆ. ಹಾವೇರಿಗೆ ಮದುವೆಯಾಗಿ ಹೋಗುವಾಗ ತನ್ನ ಲ್ಯಾಪ್‌ಟಾಪನ್ನು ನಿರ್ಮಲಕ್ಕನಿಗೇ ಬಿಟ್ಟಳು. ರವಿವಾರಕ್ಕೊಮ್ಮೆ ಬರ್ತೇನಿ ಅಂದವಳು ಬಂದದ್ದು ಎರಡು ಸಲ. ಆಮೇಲೆ ಮಗುವಿನ ತೊಟ್ಟಿಲ ಕಾರ್ಯಕ್ಕೆ ಮೊಬೈಲಿಗೆ ಕಾರ್ಡು ಕಳಿಸಿದಳು.

ನಮ್ಮ ಕಡೆ ಕರೆಯುವುದೆಂದರೆ ಮನೆಗೆ ಬಂದು ಕುಂಕುಮ ಹಚ್ಚಿ ಕರೆಯುವುದು. ಹಸಿ ಬಾಣಂತಿ ಹೇಗೆ ಬಂದಾಳು ಎಂದು ಯಾರಾದರೂ ಹೇಳಬೇಕಿತ್ತು. ಹೇಳುವವರು ಕೋಣೆಯಲ್ಲಿ ಇರಲಿಲ್ಲ. ನಿರ್ಮಲಾ ಹೋಗಲಿಲ್ಲ. ಅಂದೇ ಕುಳಿತು ಲ್ಯಾಪ್‌ಟಾಪಿನಲ್ಲಿ ಸ್ನೇಹಾಳದು ಅಂತ ಏನೇನಿತ್ತೋ ಎಲ್ಲ ಅಳಿಸಿದಳು.

ಆಮೇಲೆ ಅದನ್ನು ತೆರೆಯುತ್ತಿದ್ದುದು ಅಂಗಡಿಯ ಲೆಕ್ಕಕ್ಕೆ ಮಾತ್ರ. ಕೆಲಸ ಮುಗಿದರೆ ಹೈಬರ್ನೇಟ್ ಮಾಡಿಡುತ್ತಿದ್ದಳು. ಮಾಡಿದ ಕೆಲಸವನ್ನು ಹಾಗೇ ಹಿಡಿದುಕೊಂಡು ಯಂತ್ರ ಮಲಗಿಬಿಡುತ್ತದೆ. ಆದರೆ ಸಂಜೆ ಆರೂವರೆ ಆಯಿತೆಂದರೆ ಯಾರೂ ಮುಟ್ಟದೆ ಅದು ಎದ್ದು ಕೂರತೊಡಗಿತು. ಫ್ಯಾನು ಗುಂಯ್ ಎನ್ನುವುದು, ಪರದೆ ಬೆಳಗುವುದು, ಅಷ್ಟೇ. ನಿಂಬೆಹಣ್ಣು ಇಳಿಸು ಅಂದಳು ಮರಿಯವ್ವ.

ನಿರ್ಮಲಾ ಸ್ಟೇಶನ್ ರಸ್ತೆಯ ರಿಪೇರಿ ಅಂಗಡಿಗೆ ಒಯ್ದಳು. ಅಲ್ಲಿಯ ಸರ್ಫರಾಜ, ಅಲುಗಿದರೆ ಎಬ್ಬಿಸೀತೆಂದು ಮೌಸು ಕಿತ್ತ, ನೆಟ್‌ವರ್ಕಿನಿಂದ ಏಳದಂತೆ ಮಾಡಿದ, "ಇನ್ನ ಏಳಂಗಿಲ್ಲ, ಹೋಗ್ರಿ ಅಕ್ಕಾರ" ಅಂದ. ಮರುದಿನ ಸಂಜೆ ಮತ್ತೆ ಎದ್ದಿತು. ನಿರ್ಮಲಾ ಅಂಗಡಿ ಅದುರುವಂತೆ ಬೈದಳು. ಅವನು ಈ ಸಲ ಯಂತ್ರವನ್ನು ಎಬ್ಬಿಸುವ ಟೈಮರುಗಳನ್ನು ಹುಡುಕಿದ.

"ಎಬ್ಬಸಾಕ ಗಂಟಿ ಇಟ್ಟಾರ್ರಿ ಅಕ್ಕಾರ. ದಿನಾ ಆರೂವರಿಗೆ ಏಳಬೇಕು, ಒಂದು ಧ್ವನಿ ಹಚ್ಚಬೇಕು ಅಂತ ಐತಿ. ಧ್ವನಿ ಯಾರೋ ಅಳಿಸ್ಯಾರ. ಪಾಪ, ಇದು ಏಳತೈತಿ, ಹೇಳಾಕ ಏನೂ ಇಲ್ಲ."

"ಏನರ ಹೆಸರೈತೇನು ಅದಕ್ಕ?"

"ಚಾ ಅಂತ ಐತ್ರಿ."

ನಿರ್ಮಲಾ ಸ್ಟೂಲಿನ ಮೇಲೆ ಕುಳಿತಳು. ಸ್ನೇಹಾ ಟ್ಯೂಶನ್ ಮುಗಿಸಿ ಬರುವ ಹೊತ್ತಿಗೆ ಲ್ಯಾಪ್‌ಟಾಪು ಅವಳ ಧ್ವನಿಯಲ್ಲೇ ಕೂಗುತ್ತಿತ್ತು: "ನಿರ್ಮಲಕ್ಕಾ, ಚಾ ಇಡು, ಬರಾಕತ್ತೇನಿ." ಆಗೆಲ್ಲ ಯಂತ್ರ ಸದಾ ಚಾಲೂ ಇರುತ್ತಿತ್ತು, ಅದು ಮಲಗಿದಲ್ಲಿಂದಲೂ ಎದ್ದು ಕೂಗಬಲ್ಲದೆಂದು ನಿರ್ಮಲಾಗೆ ಹೇಗೆ ಗೊತ್ತಾಗಬೇಕು? ಆ ಕೂಗನ್ನು ತಾನೇ ಅಳಿಸಿದ್ದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

"ಗಂಟಿ ತೆಗೀಲೇನ್ರಿ?"

"ಬ್ಯಾಡ."

"ಹಂಗ ಬಿಟ್ರ ಮೂಕನಂಗ ಏಳತೈತ್ರಿ. ನೀವ ಏನರ ಮಾತಾಡ್ರಿ, ಅದನ್ನ ಹಾಕ್ತೇನಿ." ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

ನಿರ್ಮಲಾ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ಬೀದಿಯ ಕಡೆ ಮುಖ ಮಾಡಿ ಹೇಳಿದಳು: "ಇಟ್ಟೇನಿ. ಚಾ ಇಟ್ಟೇನಿ, ಸ್ನೇಹಾ. ಬಾ."

ಸರ್ಫರಾಜ ಅದನ್ನೇ ಹಾಕಿದ, ಇನ್ನೊಮ್ಮೆ ಹೇಳಿಸಲಿಲ್ಲ.

"ಅದನ್ನ ಸ್ನೇಹಾಗ ಫೋನ್ ಮಾಡಿ ಹೇಳಬಾರ್ದೇನವಾ?" ಎಂದು ಮರಿಯವ್ವ ಒಮ್ಮೆ ಕೇಳಿದಳು. "ಕುಂಕುಮ ತಗೊಂಡು ಬರಲಿ, ಹೇಳ್ತೇನಿ" ಎಂದಳು ನಿರ್ಮಲಾ. ಈ ಹಠಕ್ಕೆ ಏನನ್ನಬೇಕೋ ನನಗಂತೂ ತಿಳಿಯದು.

ಈಗಲೂ ದಿನಾ ಆರೂವರೆಗೆ ಆ ಕೋಣೆಯಲ್ಲಿ ನಿರ್ಮಲಾಳ ಧ್ವನಿ ಸ್ನೇಹಾಳನ್ನು ಚಾಕ್ಕೆ ಕರೆಯುತ್ತದೆ. ಕೆಳಗೆ ಮರಿಯವ್ವನಿಗೆ ಚೆನ್ನಾಗಿ ಕೇಳಿಸುತ್ತದೆ. ಹಾವೇರಿಗೆ ಕೇಳಿಸುವುದಿಲ್ಲ.