ಪೋಲಿಷ್ ಹೋಟೆಲಿನ ಕಪ್ಪು ಸೂಪು

ಹೋದ ವರ್ಷದ ಫೆಬ್ರವರಿ. ಟೆಕ್ಸಸ್‌ನಲ್ಲಿ ಚಳಿ ಇರುವುದು ಕೆಲವೇ ದಿನ, ಆದರೆ ಬಂದಾಗ ಮುಲಾಜಿಲ್ಲದೆ ಬರುತ್ತದೆ. ಅಂಥದೊಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯವರೂ ಹ್ಯೂಸ್ಟನ್ನಿನ ಇನ್ನೊಂದು ಕುಟುಂಬದವರೂ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿರುವ ಒಂದು ಪೋಲಿಷ್ ಹೋಟೆಲಿನಲ್ಲಿ ಊಟಕ್ಕೆ ಸೇರಿದೆವು. ಊಟ ಎಂದು ಹೆಸರಿಟ್ಟಿದ್ದರೂ ಅದು ನನ್ನನ್ನು ನೋಡುವ ಶಾಸ್ತ್ರ.

ಜಾಗವನ್ನು ಆರಿಸಿದ್ದು ನಾನೇ. ಅಪ್ಪ ಮೊದಲು ಒಂದು ಇಂಡಿಯನ್ ಹೋಟೆಲಿನ ಹೆಸರು ಹೇಳಿದ್ದರು. ಅಮ್ಮನೇ ತಡೆದರು. "ಅಲ್ಲಿ ಬೇಡ ಕಣ್ರೀ. ಎಲ್ಲಾ ಟೇಬಲಲ್ಲೂ ಗುರುತಿನವರೇ. ನಾವು ಮೆನು ತೆಗೆಯೋ ಹೊತ್ತಿಗೆ ಅವರು ಅಕ್ಷತೆ ಹಾಕಿ ಮುಗಿಸಿರ್ತಾರೆ."

ನನ್ನ ಆಫೀಸು ಈ ಹೋಟೆಲಿನಿಂದ ದೂರವಿಲ್ಲ. ಗುರುವಾರ ಮಧ್ಯಾಹ್ನ ನಾನೊಬ್ಬಳೇ ಅಲ್ಲಿಗೆ ಹೋಗುತ್ತೇನೆ. ಎಂಟು ಹತ್ತು ಟೇಬಲುಗಳ ಚಿಕ್ಕ ಜಾಗ. ತಗ್ಗಾದ ಚಾವಣಿ, ಕೆಂಪು ಹೂವಿನ ಕಸೂತಿ ಹಾಕಿದ ಬಿಳಿಯ ಮೇಜುವಸ್ತ್ರ, ಗೋಡೆಯ ಹಲಗೆಯ ಮೇಲೆ ನೀಲಿ ಚುಕ್ಕೆಗಳ ಪಿಂಗಾಣಿ ಪಾತ್ರೆಗಳು. ಒಳಗೆ ಕಾಲಿಟ್ಟರೆ ಈರುಳ್ಳಿಯನ್ನು ಬೆಣ್ಣೆಯಲ್ಲಿ ನಿಧಾನವಾಗಿ ಹುರಿಯುವ ವಾಸನೆ. ನಡೆಸುವವರು ಹಾಲಿನಾ, ಅರವತ್ತು ದಾಟಿದ ಹೆಂಗಸು. ನಾನು ಮೊದಲ ಸಲ ಹೋದಾಗ ಪಿಯರೋಗಿ ಎಂಬ ಅವರ ಕಡುಬಿನ ಮೇಲೆ ಉದುರಿಸುವ ಹಂದಿಮಾಂಸದ ಚೂರು ಬೇಡ ಎಂದಿದ್ದೆ. ಎರಡನೆಯ ಸಲ ಹೇಳಬೇಕಾಗಿ ಬರಲಿಲ್ಲ. ಮೂರನೆಯ ಸಲ, "ನಿನಗಾಗಿ ಬೇರೆ ಬಾಣಲೆ ಇಟ್ಟಿದ್ದೇನೆ" ಎಂದರು. ನಾನು ಯಾರು, ಯಾಕೆ ಒಬ್ಬಳೇ ಬರುತ್ತೇನೆ ಎಂದು ಅವರು ಎಂದೂ ಕೇಳಲಿಲ್ಲ. ನನಗೆ ಆ ಹೋಟೆಲು ಹಿಡಿಸಿದ್ದಕ್ಕೆ ಅದೂ ಒಂದು ಕಾರಣ.

ಹುಡುಗನಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಸುಹಾಸ್ ಆಸ್ಟಿನ್‌ನಲ್ಲಿ ಎಂಜಿನಿಯರ್. ತಂದೆ ತಾಯಿ ಧಾರವಾಡದವರು, ಬಹಳ ವರ್ಷಗಳಿಂದ ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿದ್ದಾರೆ. ಫೋನಿನಲ್ಲಿ ಎರಡು ಸಲ ಮಾತಾಡಿದ್ದೆವು. ಸಭ್ಯ ಮನುಷ್ಯ. ನನ್ನ ಮನಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಈ ಮದುವೆ ನನಗೆ ಬೇಡ ಎಂಬುದು ಮಾತ್ರ ಸ್ಪಷ್ಟವಿತ್ತು. ಯಾಕೆ ಎಂದರೆ ಉತ್ತರವಿರಲಿಲ್ಲ. ಒಳ್ಳೆಯವರನ್ನು ಕಾರಣವಿಲ್ಲದೆ ಬೇಡ ಎನ್ನುವುದು ಹೇಗೆ? "ಬಲವಂತ ಇಲ್ಲಮ್ಮ" ಎಂದು ಅಪ್ಪ ದಿನವೂ ಹೇಳುತ್ತಿದ್ದರು. ದಿನವೂ ಹೇಳಿದರೆ ಅದೂ ಬಲವಂತವೇ. ನಾನು "ನೋಡೋಣ" ಎನ್ನುತ್ತಿದ್ದೆ. ಮೆಕಿನ್ನಿಯ ನಮ್ಮ ಮನೆಯಲ್ಲಿ ಹೇಳಿದ "ನೋಡೋಣ" ಹ್ಯೂಸ್ಟನ್ ತಲುಪುವ ಹೊತ್ತಿಗೆ "ಹೂಂ" ಆಗಿತ್ತು.

ಆ ದಿನ ಅಮ್ಮ ಸೀರೆ ಉಡು ಎಂದರು. ನಾನು ಚೂಡಿದಾರ್ ಹಾಕಿಕೊಂಡೆ. ಅಷ್ಟನ್ನು ಮಾತ್ರ ಗೆದ್ದಿದ್ದೆ.

ಸುಹಾಸ್ ತಂದೆ ತಾಯಿಯೊಂದಿಗೆ ಹೇಳಿದ ಹೊತ್ತಿಗೇ ಬಂದರು. ಅಂಕಲ್ ಎತ್ತರದ ಆಳು, ಬಾಗಿಲಲ್ಲೇ ಕೋಟು ತೆಗೆಯುತ್ತ, "ಏನ್ರಿ ಇದು, ಅಮೆರಿಕಾದಾಗ ಪೋಲೆಂಡಿಗೆ ಕರಸೀರಲ್ಲ ನಮ್ಮನ್ನ!" ಎಂದು ನಗಿಸಿದರು. ಆಂಟಿ ಇಳಕಲ್ ಸೀರೆ ಉಟ್ಟಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದನ್ನು ಕುರ್ಚಿಯ ಪಕ್ಕ ಇಟ್ಟಾಗ ಒಳಗಿನ ತೆಂಗಿನಕಾಯಿ ನೆಲಕ್ಕೆ ತಾಗಿ ಟಕ್ ಎಂದಿತು.

ಅಮ್ಮ ನನ್ನ ಕಿವಿಯಲ್ಲಿ, "ಉಡಿ ತುಂಬೋಕೆ ತಂದಿದಾರೆ ಕಣೆ" ಎಂದರು.

ಉಡಿ ತುಂಬುವುದೆಂದರೆ ಹೆಣ್ಣುಮಕ್ಕಳ ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಹರಸುವುದು. ಅದನ್ನು ಹುಡುಗನ ತಾಯಿ ಮಾಡಿ, ಹುಡುಗಿ ಸೆರಗೊಡ್ಡಿದರೆ ಮಾತುಕತೆ ಮುಗಿಯಿತು ಎಂದೇ ಅರ್ಥ. "ಊಟ ಒಂದು ಆಗ್ಲಿ, ಆಮ್ಯಾಲೆ ತುಂಬ್ತೀನಿ" ಎಂದು ಆಂಟಿ ಅಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು. ಅಂದರೆ ಊಟ ಮುಗಿಯುವವರೆಗೆ ಮಾತ್ರ ನನಗೆ ಸಮಯವಿತ್ತು.

ಹಾಲಿನಾ ತಾವೇ ಬಡಿಸಿದರು. ಮೊದಲು ಬಿಳಿಯ ಬಟ್ಟಲುಗಳಲ್ಲಿ ಬೀಟ್‌ರೂಟಿನ ಕೆಂಪು ಸೂಪು, ಮಾಣಿಕ್ಯದ ಹಾಗೆ ತಿಳಿಯಾದದ್ದು, ಅಣಬೆ ಬೇಯಿಸಿದ ನೀರಿನಲ್ಲಿ ಮಾಡಿದ್ದು. ನಂತರ ಆಲೂಗಡ್ಡೆಯ ದೋಸೆ, ಉಪ್ಪುನೀರಿನ ಸೌತೆಕಾಯಿ, ಆಲೂಗಡ್ಡೆ ಮತ್ತು ಗಿಣ್ಣು ತುಂಬಿದ ಪಿಯರೋಗಿ.

ಆಂಟಿ ಒಂದನ್ನು ಚಮಚದಿಂದ ತಿರುಗಿಸಿ ನೋಡಿ, "ಇದು ನಮ್ಮ ಕಡಬು ಆತಲ್ರಿ!" ಎಂದರು.

"ಕಡಬಾದ್ರ ಹೂರಣ ಇರಬೇಕಿತ್ತು. ಇದು ಕಡಬಿನ ಬೀಗರು" ಎಂದರು ಅಂಕಲ್.

ತಟ್ಟೆ ಖಾಲಿಯಾದ ಹಾಗೆಲ್ಲ ಹಾಲಿನಾ ತುಂಬುತ್ತಿದ್ದರು. ಅನ್ನ ಬಿಡಬಾರದು ಎಂದು ಬೆಳೆದ ನನ್ನ ಅಪ್ಪ ಖಾಲಿ ಮಾಡುತ್ತಲೇ ಇದ್ದರು. ಖಾಲಿ ತಟ್ಟೆಯನ್ನು ಹಸಿವು ಎಂದು ಹಾಲಿನಾ ತಿಳಿದರು. ಬಡಿಸಿದ್ದನ್ನು ಮರ್ಯಾದೆ ಎಂದು ಅಪ್ಪ ತಿಂದರು. ನಾಲ್ಕನೆಯ ಸಲ ಅಪ್ಪ ನನ್ನ ಕಡೆ ನೋಡಿದ ನೋಟ ನೆನೆದರೆ ಈಗಲೂ ನಗು ಬರುತ್ತದೆ. "ಸ್ವಲ್ಪ ಬಿಡಿ ಅಪ್ಪ, ಆಗ ನಿಲ್ಲಿಸ್ತಾರೆ" ಎಂದೆ.

ಅಂಕಲ್ ಹಾಲಿನಾರನ್ನು ಇಂಗ್ಲಿಷಿನಲ್ಲಿ ಕೇಳಿದರು. "ಈ ಕೆಂಪು ಸೂಪು ಬಹಳ ಚೆನ್ನಾಗಿದೆ. ಬೇರೆ ಯಾವ ಬಣ್ಣದ್ದು ಮಾಡುತ್ತೀರಿ?"

"ಬಿಳಿ ಇದೆ, ಹಸಿರು ಇದೆ." ಹಾಲಿನಾ ಕೈ ಒರೆಸಿಕೊಂಡು ನನ್ನನ್ನೂ ಸುಹಾಸರನ್ನೂ ನೋಡಿದರು. ನಾನು ಅವರಿಗೆ ಏನೂ ಹೇಳಿರಲಿಲ್ಲ. ಆದರೆ ಎರಡು ಜೊತೆ ತಂದೆತಾಯಿ, ಎದುರುಬದುರು ಕೂತ ನಾವಿಬ್ಬರು, ಅರ್ಥವಾಗದೆ ಇರುತ್ತದೆಯೇ? "ಕಪ್ಪು ಸೂಪೂ ಒಂದಿದೆ. ಆದರೆ ಇವತ್ತು ಅದನ್ನು ನೀವು ಕೇಳಬಾರದು."

"ಯಾಕೆ?"

"ಹಿಂದಿನ ಕಾಲದಲ್ಲಿ ನಮ್ಮಲ್ಲಿ ಹುಡುಗ ಹೆಣ್ಣು ಕೇಳಲು ಬಂದರೆ ಬೇಡ ಎಂದು ಮುಖಕ್ಕೆ ಹೇಳುತ್ತಿರಲಿಲ್ಲ. ಊಟಕ್ಕೆ ಕೂರಿಸುತ್ತಿದ್ದರು. ಮುಂದೆ ಕಪ್ಪು ಸೂಪು ಬಂದರೆ ಹುಡುಗನಿಗೆ ತಿಳಿಯುತ್ತಿತ್ತು. ಕುಡಿದು, ಚೆನ್ನಾಗಿದೆ ಎಂದು ಹೇಳಿ, ಟೋಪಿ ತೆಗೆದುಕೊಂಡು ಹೊರಡುತ್ತಿದ್ದ. ಯಾರಿಗೂ ಅವಮಾನವಿಲ್ಲ, ಯಾರೂ ಹಸಿದು ಹೋಗುವುದೂ ಇಲ್ಲ."

"ಕಪ್ಪು ಬಣ್ಣ ಯಾವುದರಿಂದ ಬರುತ್ತದೆ?" ಎಂದು ಅಮ್ಮ ಕೇಳಿದರು.

"ಬಾತುಕೋಳಿಯ ರಕ್ತದಿಂದ."

ಅಮ್ಮ ಚಮಚ ಕೆಳಗಿಟ್ಟರು. ಆಂಟಿ "ಅಯ್ಯ ದೇವರೇ!" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನಮ್ಮ ಕಡೆ ಜಾತಕ ಕೂಡಲಿಲ್ಲ ಅಂತ ಹೇಳಿ ಕಳಸ್ತಾರ. ಪಾಪ, ಬಾತುಕೋಳಿನಾದ್ರೂ ಉಳೀತದ" ಎಂದರು ಅಂಕಲ್. ಎಲ್ಲರೂ ನಕ್ಕರು. ನಾನು ನಗಲಿಲ್ಲ ಎಂಬುದನ್ನು ಒಬ್ಬರು ಮಾತ್ರ ಗಮನಿಸಿದರು.

ಸ್ವಲ್ಪ ಹೊತ್ತಿಗೆ ಆಂಟಿ, "ಈ ಅಂಚು ಹೆಂಗ ಕಟ್ಯಾರ ನೋಡಬೇಕ್ರಿ ನಾ. ನಮ್ಮ ಕರ್ಚೀಕಾಯಿ ಅಂಚೇ ಬ್ಯಾರೆ" ಎಂದು ಎದ್ದರು. ಹಾಲಿನಾಗೆ ಬಹಳ ಸಂತೋಷವಾಯಿತು. ಇಬ್ಬರು ತಾಯಂದಿರನ್ನೂ ಅಡುಗೆಮನೆಗೆ ಕರೆದೊಯ್ದರು. ಬಾಗಿಲ ಹತ್ತಿರ ಪೋಲೆಂಡಿನ ಹಡಗುಕಟ್ಟೆಯೊಂದರ ಹಳೆಯ ಫೋಟೋಗಳಿದ್ದವು. ಅಂಕಲ್ ಅಪ್ಪನಿಗೆ ಅವನ್ನು ತೋರಿಸಲು ಹೋದರು. ಎಲ್ಲ ಬೇಕೆಂದೇ ಮಾಡಿದ್ದು ಎಂದು ನನಗೆ ಗೊತ್ತಿತ್ತು.

ಸುಹಾಸ್ ತಟ್ಟೆಯಲ್ಲಿದ್ದ ಕೊನೆಯ ಪಿಯರೋಗಿಯನ್ನು ಎರಡು ಭಾಗ ಮಾಡಿ, ತಿನ್ನದೆ ಕೂತಿದ್ದರು. ಅವರು ಹ್ಯೂಸ್ಟನ್ನಿನಲ್ಲೇ ಬೆಳೆದವರು. ಆದರೆ ಅವರ ಕನ್ನಡ ತಾಯಿಯಿಂದ ಬಂದ ಧಾರವಾಡದ ಕನ್ನಡ.

"ಒಂದು ಕೇಳ್ಲೇನ್ರಿ?" ಎಂದರು.

"ಕೇಳಿ."

"ಇವತ್ತ ನಮಗ ಕೆಂಪು ಸೂಪು ಕೊಟ್ರು. ಅಡಿಗಿಮನಿ ನಿಮ್ಮ ಕೈಯಾಗ ಇದ್ದಿದ್ರ ಯಾವುದು ಬರ್ತಿತ್ರಿ?"

ನನ್ನ ಬಟ್ಟಲಿನ ತಳದಲ್ಲಿ ಕೆಂಪು ಉಂಗುರವೊಂದು ಉಳಿದಿತ್ತು. ಅದನ್ನೇ ನೋಡುತ್ತಿದ್ದೆ. ಅಷ್ಟು ವಾರ ಬಾಯಿಗೆ ಬಾರದ ಮಾತು ಎಷ್ಟು ಚಿಕ್ಕದಾಗಿತ್ತು!

"ಕಪ್ಪು" ಎಂದೆ. "ಸಾರಿ..."

ಅವರ ಮುಖ ಒಂದು ಕ್ಷಣ ಸೋತಿತು. ಅದನ್ನು ಮುಚ್ಚಿಡಲು ಅವರು ಪ್ರಯತ್ನಿಸಲಿಲ್ಲ. ಆಮೇಲೆ ನಕ್ಕರು. "ಸಾರಿ ಬ್ಯಾಡ್ರಿ, ಸೂಪಿನ ರುಚಿ ಕೆಡ್ತದ." ತಟ್ಟೆಯಲ್ಲಿದ್ದ ಎರಡೂ ಚೂರುಗಳನ್ನು ತಿಂದು, ನಿಧಾನವಾಗಿ, "ಭಾಳ ಛಲೋ ಆಗ್ಯಾವ" ಎಂದರು.

ಹಾಲಿನಾ ಹೇಳಿದ ಕಥೆಯ ಹುಡುಗನ ಮಾತನ್ನೇ ಅವರು ಆಡಿದ್ದರು. ನನಗೆ ಅದು ಹೊಳೆದದ್ದು ಸ್ವಲ್ಪ ತಡವಾಗಿ.

"ನಿಮ್ಮ ಮನ್ಯಾಗ ಗೊತ್ತದ?"

"ಇಲ್ಲ."

"ಹಂಗಾದ್ರ ನಾ ಹೇಳ್ತೀನಿ, ಬಿಡ್ರಿ."

ಏನು ಹೇಳುತ್ತಾರೆ ಎಂದು ಕೇಳುವಷ್ಟರಲ್ಲಿ ಎಲ್ಲರೂ ಹಿಂತಿರುಗಿದರು. ಆಂಟಿಯ ಸೀರೆಯ ನೆರಿಗೆಗೆ ಹಿಟ್ಟು ಮೆತ್ತಿತ್ತು. "ಬಾ ತಂಗಿ, ಇತ್ಲಾಗ ಪೂರ್ವಕ್ಕ ಮುಖ ಮಾಡಿ ಕೂಡು" ಎಂದು ಚೀಲಕ್ಕೆ ಕೈ ಹಾಕಿದರು.

"ಅಮ್ಮಾ, ತಡಿ" ಎಂದರು ಸುಹಾಸ್. "ಇದು ಬ್ಯಾಡ. ನನಗ ಈಗ ಮದುವಿ ಮನಸ್ಸಿಲ್ಲ. ಮೊದಲ ಹೇಳಬೇಕಿತ್ತು. ತಪ್ಪು ನಂದು."

ಅಂಕಲ್ ಮುಖದಿಂದ ನಗು ಹೋಯಿತು. "ಏನ್ ಮಾತಾಡ್ಲಿಕತ್ತಿ? ನಾಕೂವರಿ ತಾಸು ಗಾಡಿ ಹೊಡಕೊಂಡು ಬಂದು, ಉಂಡ ಮ್ಯಾಲೆ ನೆನಪಾತೇನು ನಿನಗ? ಇವರಿಗೆ ನಾ ಹೆಂಗ ಮುಖ ತೋರಸ್ಲಿ?"

ಅಪ್ಪ ಬಾಗಿಲ ಕಡೆ ನೋಡುತ್ತಿದ್ದರು. ಮಗಳಿಗೆ ಅವಮಾನವಾಯಿತೆಂದು ಅವರ ಕಿವಿ ಕೆಂಪಾಗಿತ್ತು. ಅಮ್ಮ ನನ್ನ ಕೈ ಹಿಡಿದುಕೊಂಡರು. ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಎಲ್ಲರ ಎದುರು ಬೈಸಿಕೊಳ್ಳುತ್ತ ಸುಹಾಸ್ ಕೈವಸ್ತ್ರವನ್ನು ಮಡಿಸುತ್ತಿದ್ದರು, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದರು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

"ಇಲ್ಲ ಅಂಕಲ್" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಬೇಡ ಅಂದಿದ್ದು ನಾನು. ನನ್ನ ಮರ್ಯಾದೆ ಉಳಿಸೋಕೆ ಅವರು ಹಾಗೆ ಹೇಳ್ತಿದಾರೆ. ಅವರಲ್ಲಾಗಲಿ ನಿಮ್ಮಲ್ಲಾಗಲಿ ಒಂದು ಕೊರತೆಯೂ ಇಲ್ಲ. ನನಗೆ ಮನಸ್ಸಿಲ್ಲ, ಅಷ್ಟೇ."

ಒಳಗೆ ಬಾಣಲೆಯ ಚುರುಗುಟ್ಟುವ ಸದ್ದು. ಆಂಟಿ ತೆಂಗಿನಕಾಯಿ ಹಿಡಿದುಕೊಂಡೇ ನಿಂತಿದ್ದರು. ಮೊದಲು ಮಗನನ್ನು ನೋಡಿದರು, ಆಮೇಲೆ ನನ್ನನ್ನು.

"ಕೂಡು" ಎಂದರು.

"ಆಂಟಿ, ನಾನು ಹೇಳಿದ್ದು..."

"ಕೇಳಿಸ್ತವ್ವಾ, ಕಿವುಡಿ ಅಲ್ಲ ನಾ. ಕೂಡು. ಹೆಣ್ಣಮಗಳಿಗಂತ ತಂದ ಕಾಯಿ ವಾಪಸ್ ಹೆಂಗ ಒಯ್ಯಲಿ? ಸೊಸಿಗಷ್ಟೇ ಉಡಿ ತುಂಬಬೇಕಂತ ಎಲ್ಲದ? ಮಗಳಿಗೆ ತುಂಬೂದಿಲ್ಲೇನು? ನನಗಂತೂ ಮಗಳಿಲ್ಲ."

ನಾನು ಪೂರ್ವಕ್ಕೆ ಮುಖಮಾಡಿ ಕೂತು ದುಪಟ್ಟಾ ಒಡ್ಡಿದೆ. ಅಕ್ಕಿ, ಕಾಯಿ, ಅರಿಶಿನದ ಕೊಂಬು, ಉತ್ತತ್ತಿ, ಹಸಿರು ಬಣ್ಣದ ಖಣ. ಆಂಟಿಯ ಮುಖದಲ್ಲಿ ನಗು ಇರಲಿಲ್ಲ. ಅವರಿಗೆ ನೋವಾಗಿತ್ತು. ಆದರೂ ಶಾಸ್ತ್ರದಲ್ಲಿ ಏನೊಂದನ್ನೂ ಕಡಿಮೆ ಮಾಡಲಿಲ್ಲ. ಕೊನೆಗೆ ನನ್ನ ಹಣೆಗೆ ಕುಂಕುಮವಿಟ್ಟರು.

ಅದೇ ಹೊತ್ತಿಗೆ ಹಾಲಿನಾ ಸಿಹಿ ಗಿಣ್ಣು ಸುತ್ತಿದ ತೆಳು ದೋಸೆಗಳ ತಟ್ಟೆ ಹಿಡಿದು ಬಂದರು. ನನ್ನ ಮಡಿಲಿನ ಕಾಯಿ, ಅಕ್ಕಿ ನೋಡಿ ಅವರ ಮುಖ ಅರಳಿತು. "ಆಯಿತೇ? ನಿಶ್ಚಯವಾಯಿತೇ?"

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಉತ್ತರ ಕೊಟ್ಟವರು ಸುಹಾಸ್. "ಇಲ್ಲ. ಇದು ನಮ್ಮ ಕಡೆಯ ಕಪ್ಪು ಸೂಪು."

ಹಾಲಿನಾ ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಸಿಹಿಯ ತಟ್ಟೆಯನ್ನು ಮೊದಲು ಸುಹಾಸರ ಮುಂದೆ ಇಟ್ಟು, ಅವರ ಭುಜವನ್ನು ಮೆಲ್ಲಗೆ ತಟ್ಟಿದರು.

"ಅಂತೂ ಬಾತುಕೋಳಿ ಉಳೀತು" ಎಂದರು ಅಂಕಲ್.

ಮೊದಲು ನಕ್ಕವರು ಆಂಟಿ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು; ಅದು ಸಮಾಧಾನದಿಂದಲೋ ಪಿಯರೋಗಿಯಿಂದಲೋ ತಿಳಿಯದು.

ಮನೆಗೆ ಬರುವಾಗ ಕಾರಿನಲ್ಲಿ, ಮೆಕಿನ್ನಿಯ ಎಕ್ಸಿಟ್ ಹತ್ತಿರ ಅಪ್ಪ, "ಇನ್ಮೇಲೆ ನೀನು ನೋಡೋಣ ಅಂದ್ರೆ, ಬೇಕೋ ಬೇಡವೋ ಅಂತ ನಾನು ಇನ್ನೊಂದು ಸಲ ಕೇಳ್ತೀನಿ" ಎಂದರು. ಅಮ್ಮ ಮರುದಿನ ಉಡಿಯ ಅಕ್ಕಿಯಿಂದ ಪಾಯಸ ಮಾಡಿದರು.

ಗುರುವಾರಗಳಂದು ನಾನು ಈಗಲೂ ಅಲ್ಲಿಗೆ ಹೋಗುತ್ತೇನೆ. ಹಾಲಿನಾ ಆ ದಿನದ ಬಗ್ಗೆ ಕೇಳಿಲ್ಲ. ಕೇಳದೆಯೇ ಕೆಂಪು ಸೂಪು ತಂದಿಡುತ್ತಾರೆ. ಅವರ ಕಥೆಯನ್ನು ಆ ಮಧ್ಯಾಹ್ನ ಕೇಳಿದಾಗ, ಬಾಯಿ ಬಿಡದೆ ಬೇಡ ಎಂದು ತಿಳಿಸುತ್ತಿದ್ದ ಮನೆಯವರ ಜಾಣ್ಮೆ ನನಗೆ ಇಷ್ಟವಾಗಿತ್ತು. ಈಗ ಬಟ್ಟಲಿನ ಮುಂದೆ ಕೂತಾಗ ನೆನಪಾಗುವವನು ಅದನ್ನು ಕುಡಿದು, ಚೆನ್ನಾಗಿದೆ ಎಂದು ಹೇಳಿ, ಟೋಪಿ ತೆಗೆದುಕೊಂಡು ಹೋದವನು.

ಸುಹಾಸರ ಮದುವೆ ಬರುವ ತಿಂಗಳು, ಹ್ಯೂಸ್ಟನ್ನಿನಲ್ಲಿ. ಆಂಟಿ ನನಗೇ ಫೋನ್ ಮಾಡಿ ಕರೆದರು. "ಆ ಖಣದ ಕುಪ್ಪಸ ಹೊಲಿಸ್ಕೊಂಡು ಬಾ. ಇಲ್ಲಂದ್ರ ಒಳಗ ಬಿಡೂದಿಲ್ಲ ನೋಡು!"

"ನೋಡೋಣ ಆಂಟಿ" ಎಂದು ಬಾಯಿಗೆ ಬಂದಿತ್ತು. ಅದನ್ನು ನುಂಗಿ, "ಖಂಡಿತ ಬರ್ತೀನಿ" ಎಂದೆ. ಕುಪ್ಪಸ ಹೊಲಿಸಿಟ್ಟಿದ್ದೇನೆ.