ವಾಸನೆ ತಿಳಿಯದ ಬ್ರೆಡ್ಡಣ್ಣನ ಹೊಸ ವರ್ಷ

ನಮ್ಮ ಬೀದಿಯ ಬೇಕರಿಯವರನ್ನು ಚಿಕ್ಕವರು ದೊಡ್ಡವರೆಲ್ಲ ಬ್ರೆಡ್ಡಣ್ಣ ಎಂದೇ ಕರೆಯುತ್ತಿದ್ದರು. ಅವರ ತಂದೆ ಕಟ್ಟಿಸಿದ ಸೌದೆಯ ಭಟ್ಟಿ ಅದು. ಸೌದೆ ಒಂದು ದಿನ ಹಸಿ, ಒಂದು ದಿನ ಒಣ. ಆದ್ದರಿಂದ ಕಾವೂ ದಿನಕ್ಕೊಂದು ಬಗೆ. ಬ್ರೆಡ್ಡು ಬೆಂದಿತೆಂದು ಅವರಿಗೆ ತಿಳಿಸುತ್ತಿದ್ದುದು ಗಡಿಯಾರವಲ್ಲ, ಮೂಗು. ಅಂಗಡಿಯ ಮುಂದೆ ಗಿರಾಕಿಯೊಂದಿಗೆ ಹರಟುತ್ತಿದ್ದವರು ಮಾತನ್ನು ಅರ್ಧಕ್ಕೇ ಬಿಟ್ಟು, "ಬಂದೆ, ಕರೀತಿದೆ" ಎಂದು ಒಳಗೆ ಓಡುತ್ತಿದ್ದರು. ಉದ್ದ ಹಿಡಿಯ ಹಲಗೆಯ ಮೇಲೆ ಹೊರಬಂದ ಬ್ರೆಡ್ಡು ಹದವಾಗಿ ಕೆಂಪಗಾಗಿರುತ್ತಿತ್ತು.

ಆ ವರ್ಷದ ಕೊನೆಯಲ್ಲಿ ಅವರಿಗೆ ಕೆಟ್ಟ ಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ಏಲಕ್ಕಿಯ ಡಬ್ಬಿ, ಸೀಮೆಎಣ್ಣೆಯ ಡಬ್ಬಿ ಎರಡೂ ಅವರ ಪಾಲಿಗೆ ಒಂದೇ ಆದವು. ವಾಸನೆ ಮರಳಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ವೈದ್ಯರು ಹೇಳಿ ಕಳುಹಿಸಿದರು.

ಇದು ಗೊತ್ತಿದ್ದುದು ಹೆಂಡತಿಗೆ ಮತ್ತು ಹೆಂಡತಿಯ ತಮ್ಮನಿಗೆ ಮಾತ್ರ. ಬೀದಿಯವರಿಗೆ ತಿಳಿದರೆ, ಮೂಗಿಲ್ಲದವನ ಬ್ರೆಡ್ಡು ಯಾರು ತಿಂದಾರು ಎಂಬ ಅಂಜಿಕೆ. ಮನೆಯಲ್ಲೇ ಇದ್ದ ಅತ್ತೆಗೂ ಹೇಳಲಿಲ್ಲ. ಭಟ್ಟಿಯ ಬಿಸಿ ಮಂಡಿಗೆ ಒಳ್ಳೆಯದೆಂದು ಮಗನ ಮನೆ ಬಿಟ್ಟು ಮಗಳ ಮನೆಯಲ್ಲಿ ಉಳಿದಿದ್ದ ಆಕೆಯ ನಾಲಿಗೆ ಭಟ್ಟಿಗಿಂತ ಬಿಸಿಯಾಗಿತ್ತು.

ಹೆಂಡತಿಯ ತಮ್ಮನಿಗೆ ಒಂದು ಗೋದಾಮು ಇತ್ತು. ಆತ ಬಂದು ಹೇಳಿದ: "ಭಾವ, ಇನ್ನು ಈ ಭಟ್ಟಿ ಆರಿಸಿಬಿಡಿ. ನನ್ನ ಗೋದಾಮು ನೋಡ್ಕೊಳ್ಳೋಕೆ ನಂಬಿಕಸ್ತರು ಬೇಕು. ಹೊಸ ವರ್ಷದ ಮೊದಲ ವಾರದೊಳಗೆ ಹೂಂ ಅನ್ನಿ ಸಾಕು. ಅಲ್ಲೀವರೆಗೆ ಇದನ್ನ ಇಟ್ಕೊಳ್ಳಿ." ಕೊಟ್ಟದ್ದು ಗಂಟೆ ಹೊಡೆಯುವ ಒಂದು ಅಲಾರಂ ಗಡಿಯಾರ.

ಆತನ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಭಟ್ಟಿ ಆರಿಸಲು ಬ್ರೆಡ್ಡಣ್ಣನಿಗೆ ಮನಸ್ಸಿರಲಿಲ್ಲ. ಅವರಿಗೆ ಬೇರೆ ಕೆಲಸವೂ ಬಾರದು, ಬೇರೆ ಕೆಲಸದ ಆಸೆಯೂ ಇಲ್ಲ. ಹೊಸ ವರ್ಷದ ಮೊದಲ ದಿನ ನಸುಕಿನಲ್ಲಿ, ಹಿಟ್ಟಿಗೆ ಕೈ ಹಾಕುವ ಮುನ್ನ ಕಣ್ಣು ಮುಚ್ಚಿ ಬೇಡಿಕೊಂಡರಂತೆ: "ದೇವರೇ, ಯಾವ ದಾರಿ ಅಂತ ನೀನೇ ತೋರಿಸು. ಆದ್ರೆ ಜನರ ಮುಂದೆ ಮಾತ್ರ ನಗೆಪಾಟಲು ಮಾಡ್ಬೇಡ."

"ಮೊದಲನೇ ಮಾತು ಅವನಿಗೆ ಕೇಳಿಸ್ತು, ಎರಡನೇದು ಕೇಳಿಸಲೇ ಇಲ್ಲ ಮೇಷ್ಟ್ರೇ" ಎಂದು ಮುಂದೆ ಅವರೇ ನನಗೆ ನಗುತ್ತಾ ಹೇಳುತ್ತಿದ್ದರು.

ಅಂದು ಬ್ರೆಡ್ಡನ್ನು ಭಟ್ಟಿಗೆ ತಳ್ಳಿ, ಅಲಾರಂ ತಿರುಗಿಸಿಟ್ಟು, ಅವರು ಅಂಗಡಿಯ ಮುಂಭಾಗ ಒರೆಸುತ್ತಿದ್ದರು. ಹೆಂಡತಿ ಹಾಲು ತರಲು ಹೋಗಿದ್ದರು, ಅತ್ತೆ ಬಚ್ಚಲಲ್ಲಿದ್ದರು. ಸೌದೆ ಚೆನ್ನಾಗಿ ಒಣಗಿತ್ತು, ಕಾವು ಏರಿತ್ತು. ಅದು ಗಡಿಯಾರಕ್ಕೆ ಹೇಗೆ ತಿಳಿಯಬೇಕು? ಅಷ್ಟರಲ್ಲಿ ತರಕಾರಿ ಗಾಡಿಯವಳು ಬೀದಿಯಲ್ಲಿ ನಿಂತು ಕೂಗಿದಳು: "ಅಯ್ಯೋ, ಏನೋ ಸೀದುಹೋಗ್ತಿದೆ! ಯಾರದ್ರೀ?"

ಬ್ರೆಡ್ಡಣ್ಣ ಒರೆಸುವ ಬಟ್ಟೆಯನ್ನು ಎಸೆದು ಓಡಿದರು. ಅಲಾರಂ ಇನ್ನೂ ಹೊಡೆದಿರಲಿಲ್ಲವಲ್ಲ, ಓಡಿದ್ದು ಒಳಗಲ್ಲ, ಪಕ್ಕದ ಇಸ್ತ್ರಿ ಅಂಗಡಿಗೆ! "ಏ, ಪೆಟ್ಟಿಗೆ ಎತ್ತೋ! ಯಾರದೋ ಬಟ್ಟೆ ಸುಡ್ತಿದ್ದೀಯ!"

ಇಸ್ತ್ರಿಯವನು ಪೆಟ್ಟಿಗೆಯನ್ನು ಎತ್ತಿಯೇ ನಿಂತಿದ್ದ. ಅವರನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣಾ, ಇದು ಬಟ್ಟೆ ವಾಸನೆನಾ? ಸೀಯ್ತಿರೋದು ನಿಮ್ಮ ಬ್ರೆಡ್ಡು!" ಎಂದ.

ಕೂಗು ಕೇಳಿ ಸೇರಿದ್ದ ಜನ ಗೊಳ್ಳೆಂದು ನಕ್ಕರು. ನಕ್ಕವರಲ್ಲಿ ನಾನೂ ಇದ್ದೆ. ಆದರೆ ಬ್ರೆಡ್ಡಣ್ಣನ ಮುಖ ಬಿಳಿಚಿಕೊಂಡದ್ದನ್ನು ಕಂಡು ನಗು ಅಲ್ಲಲ್ಲೇ ನಿಂತಿತು. ಅವರು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು, "ನನಗೆ ವಾಸನೆ ಗೊತ್ತಾಗ್ತಿಲ್ಲ. ಜ್ವರ ಬಂದಾಗಿಂದ" ಎಂದರು. ಒಳಗೆ ಅಲಾರಂ ಆಗ ಗಂಟೆ ಹೊಡೆಯಿತು.

ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಅತ್ತೆ ಹೊರಗೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಏನ್ ಅಳಿಯಂದ್ರೇ, ಹೋಗಿದ್ದು ಮೂಗು ತಾನೆ? ಮನೇಲಿರೋ ನನಗೆ ಹೇಳೋಕೆ ಬಾಯಿಗೇನಾಗಿತ್ತು?"

"ನೀವು ಬಯ್ತೀರ ಅಂತ, ಅತ್ತೆ."

"ಬಯ್ಯದೆ ಬಿಟ್ಟಿದ್ದು ಯಾವತ್ತು? ಅದಕ್ಕೆಲ್ಲ ಹೊಸದಾಗಿ ಹೆದರಬೇಕಾ?"

ಮರುದಿನ ನಸುಕಿನಲ್ಲಿ ಯಾರೂ ಕರೆಯದೆಯೇ ಆಕೆ ಭಟ್ಟಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ಕಣ್ಣು ಮಂದವಾಗಿತ್ತು, ಮೂಗು ಮಾತ್ರ ಚುರುಕಾಗಿತ್ತು. "ಇನ್ನೂ ಹಿಟ್ಟಿನ ವಾಸನೆ, ತಡೀರಿ… ತಡೀರಿ ಅಂದ್ನಲ್ಲ… ಹಾಂ, ತೆಗೀರಿ!" ಬ್ರೆಡ್ಡಣ್ಣ ತೆಗೆದು, ತಳವನ್ನು ಬೆರಳಿನಿಂದ ತಟ್ಟಿ, ಬಣ್ಣ ನೋಡಿದರು. ಸರಿಯಾಗಿ ಬೆಂದಿತ್ತು. ಬೀದಿಯವರೂ ಸುಮ್ಮನಿರಲಿಲ್ಲ. ಇಸ್ತ್ರಿಯವನು ಗೋಡೆಯಾಚೆಯಿಂದ "ಅಣ್ಣಾ, ಘಮ್ ಅಂತಿದೆ!" ಎಂದು ಕೂಗುವನು. ಗಾಡಿಯವಳು ಎಷ್ಟೋ ಸಲ ಬೇಯುವ ಮೊದಲೇ ಕೂಗಿ ಅತ್ತೆಯಿಂದ ಬೈಸಿಕೊಳ್ಳುವಳು. ಯಾರು ತಿಂದಾರು ಎಂದು ಹೆದರಿದ್ದ ಬ್ರೆಡ್ಡನ್ನು ಜನ ನಿಂತು ಕಾದು ಕೊಂಡೊಯ್ಯುತ್ತಿದ್ದರು.

ವಾರದ ಕೊನೆಗೆ ಹೆಂಡತಿಯ ತಮ್ಮ ಉತ್ತರ ಕೇಳಲು ಬಂದ. ಸ್ಟೂಲಿನ ಮೇಲಿದ್ದ ತಾಯಿಯನ್ನು ಕಂಡು ಬೆರಗಾದ. "ಅಮ್ಮಾ, ಇಲ್ಲೇನ್ ಮಾಡ್ತಿದ್ದೀಯ?"

"ಕೆಲಸ. ನಿನ್ನ ಮನೇಲಿ ಯಾರಾದ್ರೂ ಕೊಟ್ಟಿದ್ರಾ?"

ಬ್ರೆಡ್ಡಣ್ಣ ಹಿಟ್ಟಿನ ಕೈಯನ್ನು ಒರೆಸಿಕೊಂಡು ಹೊರಗೆ ಬಂದರು. "ನಿನ್ನ ಉಪಕಾರ ಮರೆಯೋದಿಲ್ಲಪ್ಪಾ. ಆದ್ರೆ ಭಟ್ಟಿ ಆರಿಸೋದಿಲ್ಲ."

"ಮೂಗು ಸರಿಹೋಗುತ್ತೆ ಅಂತ ಡಾಕ್ಟ್ರು ಹೇಳಿದ್ರಾ, ಭಾವ?"

"ಇಲ್ಲ. ಅದು ದೇವರಿಗೇ ಗೊತ್ತು. ಅದು ಗೊತ್ತಾಗದೆ ಒಂದು ಹೆಜ್ಜೆನೂ ಇಡೋಕಾಗಲ್ಲ ಅಂದ್ಕೊಂಡಿದ್ದೆ. ಬಚ್ಚಿಟ್ಟುಕೊಂಡು ಒಬ್ಬನೇ ಒದ್ದಾಡ್ತಿದ್ದವನನ್ನ ಅವನು ಬೀದಿಗೆ ಎಳೆದು ತಂದ. ನಾಚಿಕೆ ಆಯ್ತು, ನಿಜ. ಬೀದೀಲೇ ನನಗೆ ಬೇಕಾದದ್ದೆಲ್ಲ ಇಟ್ಟಿದ್ದ. ಈ ವರ್ಷ ಹೇಗೋ ಏನೋ ನನಗೆ ಗೊತ್ತಿಲ್ಲ, ಅವನು ನಡೆಸ್ತಾನೆ."

"ಮಾತು ಸಾಕು, ಆಯ್ತು ಅದು, ತೆಗೀರಿ!" ಎಂದು ಒಳಗಿನಿಂದ ಅತ್ತೆ ಕೂಗಿದರು.

ಬ್ರೆಡ್ಡಣ್ಣ ಓಡಿ ಹಲಗೆ ತಳ್ಳಿ ಬ್ರೆಡ್ಡುಗಳನ್ನು ಹೊರಗೆಳೆದರು. ಬಿಸಿಬಿಸಿ ಬ್ರೆಡ್ಡೊಂದನ್ನು ಮುರಿದು ಹೆಂಡತಿಯ ತಮ್ಮನ ಕೈಗಿಟ್ಟರು. ಹಬೆ ಅವರ ಮುಖಕ್ಕೇ ಬಡಿಯಿತು, ವಾಸನೆ ತಿಳಿಯಲಿಲ್ಲ. "ಹೇಗಿದೆ?" ಎಂದು ಕೇಳಿದರು.

ಬಾಯಿ ಸುಟ್ಟುಕೊಂಡ ಆತ ಉಫ್ ಉಫ್ ಎಂದು ಗಾಳಿ ಎಳೆದುಕೊಂಡ. ಇನ್ನೊಂದು ತುಂಡಿಗಾಗಿ ಕೈ ಚಾಚಿದ. ಬ್ರೆಡ್ಡಣ್ಣ ಅದನ್ನು ಕೊಟ್ಟು, ಒಂದು ಕ್ಷಣ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದರು.