ಕ್ವಾರಿಯ ಕಡೆ ನಡೆದ ನೀಲಿ ಬಾಣ

ದೆವ್ವ, ಶಕುನ, ಸತ್ತವರ ಆತ್ಮ ಇಂಥ ಮಾತು ಶುರುವಾದರೆ ಎದ್ದು ಹೋಗುವವರ ಪೈಕಿ ನಾನು. ಹೆದರಿಕೆಯಿಂದಲ್ಲ, ಬೇಸರದಿಂದ. ಪಾಲಿಟೆಕ್ನಿಕ್ ಒಂದರಲ್ಲಿ ವರ್ಕ್‌ಶಾಪ್ ಕಲಿಸುವವನು ನಾನು. ಮಷಿನ್ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಸಿಗಲಿಲ್ಲವೆಂದರೆ ಹುಡುಕಿದವನು ಸೋಮಾರಿ ಎಂದು ಹುಡುಗರನ್ನು ಬೈಯುತ್ತಲೇ ಬಂದಿದ್ದೇನೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ಮೊದಲು ನಗುತ್ತಿದ್ದವನು ನಾನೇ. ನೀವು ನಕ್ಕರೂ ನನಗೆ ಬೇಜಾರಿಲ್ಲ.

ನನ್ನ ಊರು ಬಾಗಲಕೋಟೆ ಕಡೆ. ಇರುವುದು ಬಾಗಲಗುಂಟೆಯಲ್ಲಿ. ಪಕ್ಕದ ಬೀದಿಯಲ್ಲಿ ಸಿದ್ದು ಇದ್ದ, ಹಾವೇರಿಯವನು, ಪೀಣ್ಯದಲ್ಲಿ ಕೆಲಸ. ಇಬ್ಬರಿಗೂ ಬೈಕಿನ ಹುಚ್ಚು. ಭಾನುವಾರ ಬಂತೆಂದರೆ ಸೋಲದೇವನಹಳ್ಳಿ, ಹೆಸರಘಟ್ಟ ದಾಟಿ ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿದುಬಿಡುತ್ತಿದ್ದೆವು. ಕೆರೆ ಏರಿ, ನೀಲಗಿರಿ ತೋಪು, ಗಾಡಿ ಜಾಡು, ಎಲ್ಲಿ ನುಗ್ಗಲು ಸಾಧ್ಯವೋ ಅಲ್ಲಿ. ಅಂಥ ಕಡೆ ಎಷ್ಟೋ ಸಲ ನೆಟ್‌ವರ್ಕ್ ಇರುವುದಿಲ್ಲ. ಅದಕ್ಕೇ ಆಫ್‌ಲೈನ್ ಮ್ಯಾಪ್. ಮನೆಯಲ್ಲೇ ನಕ್ಷೆ ಇಳಿಸಿಕೊಂಡು ಹೊರಟರೆ ಆಮೇಲೆ ಇಂಟರ್ನೆಟ್ ಬೇಕಿಲ್ಲ. ನಾವು ಎಲ್ಲಿದ್ದೇವೆಂದು ಒಂದು ನೀಲಿ ಬಾಣ ತೋರಿಸುತ್ತಿರುತ್ತದೆ, ಹೋದ ದಾರಿಯೆಲ್ಲ ಕೆಂಪು ಗೆರೆಯಾಗಿ ಉಳಿಯುತ್ತದೆ. ಸಿಮ್ ತೆಗೆದ ಹಳೇ ಫೋನೊಂದನ್ನು ಹ್ಯಾಂಡಲ್‌ಗೆ ಬಿಗಿದು ಇದಕ್ಕೆಂದೇ ಇಟ್ಟಿದ್ದೆ.

ಅದು ಕೆಲವು ವರ್ಷಗಳ ಹಿಂದಿನ ಮಾತು. ಶಿವರಾತ್ರಿ ಹತ್ತಿರವಿತ್ತು, ಹುಲ್ಲೆಲ್ಲ ಒಣಗಿ ನಿಂತಿತ್ತು. ಯಾವ ಊರಿನ ಬಳಿ ಎಂದು ಹೇಳುವುದಿಲ್ಲ, ಇದರಲ್ಲಿ ಬರುವ ಮನೆಯವರು ಈಗಲೂ ಅಲ್ಲೇ ಇದ್ದಾರೆ. ಮಧ್ಯಾಹ್ನ ಒಂದು ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಕಟ್ಟಿಕೊಂಡು ಬಂದಿದ್ದ ಚುರುಮುರಿ ಬಿಚ್ಚಿ ಕೂತೆವು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸಿದ್ದು ನೀರು ಕುಡಿಯಲು ಎದ್ದವನು ನನ್ನ ಗಾಡಿಯ ಹತ್ತಿರ ನಿಂತುಬಿಟ್ಟ.

"ಲೇ, ಇಲ್ನೋಡ ಬಾ. ನಿನ್ನ ಗಾಡಿ ನಿನ್ನ ಬಿಟ್ಟು ಹೊಂಟೈತಿ."

ಎದ್ದು ಹೋಗಿ ನೋಡಿದೆ. ಗಾಡಿ ಸ್ಟ್ಯಾಂಡಿನ ಮೇಲಿತ್ತು, ಇಂಜಿನ್ ಆಫ್. ಫೋನಿನಲ್ಲಿ ಮಾತ್ರ ನೀಲಿ ಬಾಣ ಮೆಲ್ಲಗೆ ಮುಂದೆ ಸಾಗುತ್ತಿತ್ತು. ಇದರಲ್ಲೇನೂ ವಿಶೇಷವಿಲ್ಲ. ಸಿಗ್ನಲ್ ಸರಿ ಸಿಗದಿದ್ದರೆ ಬಾಣ ಆಚೀಚೆ ಎಗರುವುದುಂಟು. ಆದರೆ ಇದು ಎಗರಲಿಲ್ಲ. ನಮ್ಮ ಮುಂದಿನ ಕಾಲುದಾರಿ ಎಲ್ಲಿ ತಿರುಗುತ್ತದೋ ಅಲ್ಲಿ ತಾನೂ ತಿರುಗುತ್ತ, ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತಿತ್ತು. ಸಿದ್ದು ತನ್ನ ಫೋನು ತೆಗೆದ. ಅದರಲ್ಲೂ ಅದೇ ಮ್ಯಾಪು. ಅದರ ಬಾಣ ಹೊಂಗೆ ಮರದ ಕೆಳಗೇ ಇತ್ತು.

ನಾವು ನಗುತ್ತಲೇ ನೋಡಿದೆವು. ಬಾಣ ದಾರಿ ಬಿಟ್ಟು ನಕ್ಷೆಯಲ್ಲಿ ಏನೂ ಬರೆಯದ ಖಾಲಿ ಜಾಗದ ಅಂಚಿಗೆ ಹೋಗಿ ನಿಂತಿತು. ತುಂಬ ಹೊತ್ತು ನಿಂತಿತು. ಆಮೇಲೆ ತಿರುಗಿ ನಮ್ಮ ಕಡೆಗೇ ಸ್ವಲ್ಪ ದೂರ ಬಂತು. ಮತ್ತೆ ಪಕ್ಕಕ್ಕೆ ಸರಿದು, ಒಮ್ಮೆಲೇ ಆ ಖಾಲಿ ಜಾಗದ ನಡುವೆ ಹೋಗಿ ಸುಮ್ಮನಾಯಿತು. ಫೋನು ಆಫ್ ಮಾಡಿ ಆನ್ ಮಾಡಿದೆ. ಬಾಣ ಅಲ್ಲೇ.

"ಅಲ್ಲೇನೈತಿ ನೋಡೂಣ ನಡಿ," ಎಂದ ಸಿದ್ದು.

ತಮಾಷೆಗೇ ಹೊರಟಿದ್ದು. ಗಾಡಿ ಅಲ್ಲೇ ಬಿಟ್ಟು ಫೋನು ಕೈಯಲ್ಲಿ ಹಿಡಿದು ನಡೆದೆವು. ನಾನು ನಡೆಯುತ್ತಿದ್ದರೂ ಬಾಣ ಅಲುಗಲಿಲ್ಲ. ಲಂಟಾನ ಪೊದೆ ದಾಟಿದರೆ ಎದುರಿಗೆ ಹಳೇ ಕಲ್ಲು ಕ್ವಾರಿ. ಕಲ್ಲು ತೆಗೆದು ಬಿಟ್ಟುಹೋದ ಆಳವಾದ ಗುಂಡಿ, ತಳದಲ್ಲಿ ಹಸಿರುಗಟ್ಟಿದ ನೀರು. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಗೊತ್ತಾಯಿತು. ಅಂಚಿನಲ್ಲಿ ಒಂದು ಕಡೆ ಜಲ್ಲಿ ಕುಸಿದ ಗುರುತಿತ್ತು. ಕೆಳಗೆ ನೀರಿನಲ್ಲಿ ಮೊದಲು ನೀಲಿ ಶರ್ಟು ಕಂಡಿತು. ಅದರೊಳಗೆ ಮನುಷ್ಯ ಇದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸಿದ್ದು ಹಿಂದಕ್ಕೆ ಹೋಗಿ ವಾಂತಿ ಮಾಡಿದ.

ಆ ಊರಿಗೆ ಹೋಗಿ ಹೇಳಿದೆವು. ಜನ ಬಂದರು, ಪೊಲೀಸರು ಬಂದರು. ಸತ್ತವನು ಆ ಊರಿನ ಮುನಿರಾಜು, ಜೆಸಿಬಿ ಓಡಿಸುತ್ತಿದ್ದವನು. ನಾಲ್ಕೈದು ದಿನದ ಹಿಂದೆ ಬೆಳಿಗ್ಗೆ ಹೆಂಡತಿ ರೂಪಾ ಜೊತೆ ಜಗಳವಾಡಿ, ಮೊಬೈಲನ್ನೂ ಮನೆಯಲ್ಲೇ ಬಿಟ್ಟು ಎದ್ದು ಹೋಗಿದ್ದನಂತೆ. ಸಿಟ್ಟು ಇಳಿದ ಮೇಲೆ ಬರುತ್ತಾನೆ, ಅಕ್ಕನ ಮನೆಗೆ ಹೋಗಿರಬೇಕು ಎಂದುಕೊಂಡು ಎರಡು ದಿನ ಯಾರೂ ಹುಡುಕಿರಲಿಲ್ಲ. ಆಮೇಲೆ ಹುಡುಕಿದವರು ಕ್ವಾರಿ ಕಡೆ ಬಂದಿರಲಿಲ್ಲ.

ಸಂಜೆಯವರೆಗೂ ನಮ್ಮನ್ನು ಕೂರಿಸಿಕೊಂಡರು. ಸಬ್ ಇನ್ಸ್‌ಪೆಕ್ಟರು ಕೇಳಿದ್ದು ಒಂದೇ ಮಾತು. "ದಾರಿಯಲ್ಲಿ ಹೋಗ್ತಿದ್ದೋರು ಗಾಡಿ ಬಿಟ್ಟು ಪೊದೆ ನುಗ್ಗಿ ಅಲ್ಲಿಗ್ಯಾಕ್ರೀ ಹೋದ್ರಿ?" ನಾನು ಫೋಟೋ ತೆಗೆಯಲು ಎಂದೆ. ಸಿದ್ದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಇಬ್ಬರ ಮಾತೂ ತಾಳೆಯಾಗಲಿಲ್ಲ. ಕೊನೆಗೆ ನಾನೂ ನಿಜವನ್ನೇ ಹೇಳಬೇಕಾಯಿತು, ಅದು ಸುಳ್ಳಿಗಿಂತ ಕಡೆಯಾಗಿ ಕೇಳಿಸಿತು. ಮುನಿರಾಜು ಸತ್ತ ದಿನ ನಾನು ಕಾಲೇಜಿನಲ್ಲೂ ಸಿದ್ದು ಶಿಫ್ಟಿನಲ್ಲೂ ಇದ್ದದ್ದು ಖಾತ್ರಿಯಾದ ಮೇಲೆಯೇ ನಮ್ಮನ್ನು ಕರೆಯುವುದು ನಿಂತಿದ್ದು.

ಮನೆಗೆ ಬಂದು ಫೋನಿನಲ್ಲಿ ಆ ಕೆಂಪು ಗೆರೆ ತೆರೆದು ನೋಡಿದೆ. ಎಲ್ಲ ದಾಖಲಾಗಿತ್ತು. ಹೊಂಗೆ ಮರದಿಂದ ಹೊರಟಿದ್ದು, ಅಂಚಿನಲ್ಲಿ ನಿಂತಿದ್ದು, ತಿರುಗಿದ್ದು, ಒಳಗೆ ಹೋಗಿದ್ದು. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮೇಡಂ ಒಬ್ಬರಿಗೆ ತೋರಿಸಿದೆ. ಕಲ್ಲಿನ ಗೋಡೆಗೆ ಬಡಿದು ಬರುವ ಸಿಗ್ನಲ್ ಫೋನಿಗೆ ಸುಳ್ಳು ಜಾಗ ತೋರಿಸುತ್ತದೆ, ಕ್ವಾರಿ ಹತ್ತಿರ ಇದು ಸಹಜ ಎಂದರು. ಒಪ್ಪಿದೆ. ಆದರೆ ಪಕ್ಕದ ಫೋನಿಗೆ ಯಾಕೆ ಆಗಲಿಲ್ಲ, ಆ ಸುಳ್ಳು ಜಾಗ ಹೆಣದ ಮೇಲೇ ಯಾಕೆ ಬಂದು ನಿಂತಿತು ಎಂದು ಕೇಳಿದೆ. ಅವರು ಗೆರೆಯನ್ನು ಇನ್ನೊಮ್ಮೆ ನೋಡಿ, "ಗೊತ್ತಿಲ್ಲ ಸರ್. ಇದನ್ನ ಅಳಿಸಿಬಿಡಿ," ಎಂದರು.

ಅಳಿಸಲಿಲ್ಲ. ತಿಂಗಳು ಕಳೆದಿರಬೇಕು, ಒಂದು ದಿನ ಕಾಲೇಜಿನ ಗೇಟಿನ ಬಳಿ ರೂಪಾ ತನ್ನ ಅಣ್ಣನ ಜೊತೆ ಬಂದು ನಿಂತಿದ್ದಳು. ಮೂವತ್ತು ಕೂಡ ಆಗಿರದ ಹೆಣ್ಣುಮಗಳು. ಫೋನಿನ ವಿಷಯ ಅವಳಿಗೆ ಪೇದೆಯೊಬ್ಬನಿಂದ ತಿಳಿದಿತ್ತು.

"ನಾನೇ ಕೊಂದೆ ಅಂತಾರೆ ಸರ್ ಊರಲ್ಲಿ. ಜಗಳ ಆಡಿ ಆಡಿ ಗುಂಡಿಗೆ ಬೀಳೋ ಅಂಗೆ ಮಾಡ್ದೆ ಅಂತ ನಮ್ಮತ್ತೆ ನನ್ನ ಕೈಯಲ್ಲಿ ಒಂದು ಲೋಟ ನೀರೂ ಈಸ್ಕೊಳಲ್ಲ. ಅವರು ಜಾರಿದ್ರಾ, ಬೇಕು ಅಂತ ಬಿದ್ರಾ? ನಿಮ್ ಫೋನಲ್ಲಿ ಐತಂತಲ್ಲ."

ಇದು ನಂಬುವಂಥದ್ದಲ್ಲ, ಫೋನಿನ ದೋಷವೂ ಇರಬಹುದು, ಇದಕ್ಕೂ ಅವನಿಗೂ ಸಂಬಂಧವೇ ಇಲ್ಲದಿರಬಹುದು ಎಂದು ಮೂರು ಥರ ಹೇಳಿ ನೋಡಿದೆ. ಅವಳು ಕದಲಲಿಲ್ಲ. ತೋರಿಸಿದೆ. ಗೆರೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಹೋದಳು. ಅಂಚಿನಿಂದ ಹಿಂದಕ್ಕೆ ತಿರುಗಿದ ಕಡೆ ಬೆರಳು ನಿಂತಿತು.

"ಇದು ನಮ್ಮನೆ ದಿಕ್ಕು."

"ಹೌದಮ್ಮ."

"ಅಂದ್ರೆ ವಾಪಸ್ ಹೊರಟಿದ್ರು. ಆಮೇಲೆ ಜಾರಿದಾರೆ."

ಇದನ್ನು ತನ್ನ ಅತ್ತೆಗೆ ಒಮ್ಮೆ ತೋರಿಸಿ ಎಂದು ಕೈ ಮುಗಿದಳು. ನಾನು ಹೋದೆ. ಹೋಗಬಾರದಿತ್ತೇನೋ, ಈಗಲೂ ಗೊತ್ತಿಲ್ಲ.

ಮುನಿರಾಜುವಿನ ತಾಯಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ರೂಪಾ ಬಾಗಿಲ ಒಳಗೇ ನಿಂತಳು. ನಾನು ಫೋನು ಹಿಡಿದು ಇದು ದಾರಿ, ಇದು ಕ್ವಾರಿ, ಇಲ್ಲಿ ತಿರುಗಿದ್ದು ಎಂದು ತೋರಿಸುತ್ತ ಹೋದೆ. ನನ್ನ ದನಿ ನನಗೇ ನಾಚಿಕೆ ತರುತ್ತಿತ್ತು. ಆಕೆ ಕೈ ಕೆಲಸ ನಿಲ್ಲಿಸದೆ ಕೇಳಿದರು.

"ಓಡಾಡಿದ್ದು ನಿನ್ ಪೋನು ಕಣಪ್ಪ," ಎಂದರು. "ನನ್ ಮಗ ಅಲ್ಲ."

ಅವರು ಹೇಳಿದ್ದು ನನ್ನ ಮಾತೇ. ರೂಪಾ ಒಳಗೆ ಹೋದಳು. ನಾನು ಬರುತ್ತೇನೆ ಎಂದು ಹೇಳಿ ಗಾಡಿಯ ಹತ್ತಿರ ಬಂದೆ. ಹೆಲ್ಮೆಟ್ ಹಾಕಿಕೊಳ್ಳುವಾಗ ಹಿಂದೆ ಕಾಲ ಸಪ್ಪಳ ಕೇಳಿ ತಿರುಗಿದೆ. ಆ ಮುದುಕಿ ಚಪ್ಪಲಿ ಕೂಡ ಮೆಟ್ಟದೆ ಬಿಸಿಲಲ್ಲಿ ಬಂದು ನಿಂತಿದ್ದರು. ಬೆರಳೆಲ್ಲ ಹುಣಸೆಹಣ್ಣಿನ ಅಂಟು. ಒಳಗಿದ್ದ ಸೊಸೆಗೆ ಕೇಳಿಸದ ಹಾಗೆ, ತೀರಾ ಸಣ್ಣ ದನಿಯಲ್ಲಿ ಕೇಳಿದರು.

"ಮನೆ ಕಡೆ ತಿರ್ಗಿದ್ದ ಅಂದ್ಯಲ್ಲಪ್ಪ. ತಿರ್ಗಿದ್ದೋನು ಯಾಕ್ ಬರ್ಲಿಲ್ಲ?"

ನಾನು ಫೋನು ತೆಗೆಯಲಿಲ್ಲ. ಅವರೂ ಅದನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಗೊತ್ತಿಲ್ಲ ತಾಯಿ ಎಂದೆ. ಇಷ್ಟು ವರ್ಷವಾದ ಮೇಲೆ ಯಾರು ಕೇಳಿದರೂ ಹೇಳಲು ನನ್ನಲ್ಲಿರುವುದು ಅಷ್ಟೇ.